ಹೊಸ ಪೆಡಲ್ ಕೊಳ್ಳುವ ಮುಂಚೆ: ಸಿಮ್ ರೇಸಿಂಗ್ ಸೆಟ್‌ನಲ್ಲಿ ದೋಷ ಎಲ್ಲಿದೆ ಅಂತ ಹುಡುಕುವ ಬಗೆ

ಮನೆಯಲ್ಲಿ ಸ್ಟೀರಿಂಗ್, ಪೆಡಲ್ ಇಟ್ಟುಕೊಂಡು ಕಂಪ್ಯೂಟರಿನಲ್ಲಿ ಓಡಿಸುವ ಕಾರ್ ರೇಸೇ ಸಿಮ್ ರೇಸಿಂಗ್. ಇಟಲಿಯ ಮೊಂಜಾ ಟ್ರ್ಯಾಕ್‌ನ ಉದ್ದನೆಯ ನೇರ ರಸ್ತೆ. ಆಕ್ಸಿಲರೇಟರ್ ಪೂರ್ತಿ ತುಳಿದಿದ್ದೇನೆ, ಆದರೂ ಪಕ್ಕದವನು ಮೆಲ್ಲಗೆ ಮುಂದೆ ಸರಿಯುತ್ತಿದ್ದಾನೆ. ಅವನದೂ ನನ್ನದೂ ಒಂದೇ ಕಾರು. ಆಕ್ಸಿಲರೇಟರ್ ಎಷ್ಟು ಒತ್ತಿದೆ ಅಂತ ಪರದೆಯ ಮೂಲೆಯಲ್ಲಿ ತೋರಿಸುವ ಹಸಿರು ಪಟ್ಟಿ ನೂರಕ್ಕೆ ಮುಟ್ಟುತ್ತದೆ, ತೊಂಬತ್ತಕ್ಕೆ ಜಾರುತ್ತದೆ, ಮತ್ತೆ ನೂರಕ್ಕೆ ಹಾರುತ್ತದೆ. ರಸ್ತೆ ಮುಗಿದು ಮೊದಲ ಚಿಕೇನ್, ಅಂದರೆ ಎಡಕ್ಕೂ ಬಲಕ್ಕೂ ಒಡನೊಡನೆ ಹೊರಳುವ ಇಕ್ಕಟ್ಟಿನ ತಿರುವು ಬಂತು, ಬ್ರೇಕ್ ತುಳಿದೆ. ಹಿಂದಿನ ಸುತ್ತಿನಲ್ಲಿ ಇದೇ ಜಾಗದಲ್ಲಿ ಇಷ್ಟೇ ತುಳಿದಾಗ ಸರಿಯಾಗಿ ತಿರುಗಿದ್ದ ಕಾರು ಈ ಸಲ ಸೀದಾ ಹೊರಗೆ.

ಅವತ್ತು ರಾತ್ರಿಯೇ ಒಂದು ಲೋಡ್ ಸೆಲ್ ಪೆಡಲ್ ಸೆಟ್, ಅಂದರೆ ತುಳಿದ ಬಲವನ್ನೇ ಅಳೆಯುವಂಥದ್ದು, ಆರಿಸಿಟ್ಟೆ. ಬೆಲೆ ನೋಡಿದರೆ ನಮ್ಮ ಮನೆಯ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ. ದುಡ್ಡು ಕಟ್ಟುವ ಮುಂಚೆ ಒಂದು ಶನಿವಾರ, ಭಾನುವಾರ ಮಲ್ಟಿಮೀಟರ್ ಹಿಡಿದು ಕೂತೆ. ಕೂತದ್ದು ಒಳ್ಳೆಯದಾಯಿತು. ನಾನು ಒಂದೇ ರೋಗ ಅಂದುಕೊಂಡಿದ್ದು ನಿಜವಾಗಿ ಎರಡು. ಒಂದು, ಅಗ್ಗದ ಒಂದು ಬಿಡಿಭಾಗ ಸವೆದದ್ದು. ಇನ್ನೊಂದು ಪೆಡಲ್‌ನಲ್ಲಿ ಇರಲೇ ಇಲ್ಲ, ನಾನು ಕೂತಿದ್ದ ಕುರ್ಚಿಯಲ್ಲಿತ್ತು. ಆಮೇಲೆ ಲೋಡ್ ಸೆಲ್ ಸೆಟ್ ಕೊಂಡೆ ನಿಜ, ಆದರೆ ಅವತ್ತೇ ಕೊಂಡಿದ್ದರೆ ಎರಡನೆಯ ದೋಷ ಹೊಸ ಪೆಡಲ್‌ನ ಜೊತೆಯಲ್ಲೂ ಹಾಗೇ ಉಳಿಯುತ್ತಿತ್ತು, ನಾನು ಪೆಡಲ್‌ಗೆ ಬೈಯುತ್ತಿದ್ದೆ.

ಮೊದಲು ಆಟ ಮುಚ್ಚಿ

ಕಾಲಿನಿಂದ ಪರದೆಯ ಕಾರಿನವರೆಗೆ ಸಂಕೇತ ಐದಾರು ಕೈ ದಾಟುತ್ತದೆ: ಸೆನ್ಸರ್, ತಂತಿ, ಪೆಡಲ್ ಅಥವಾ ವೀಲ್ ಬೇಸ್‌ನ (ಸ್ಟೀರಿಂಗ್ ಕೂರಿಸಿದ ಮೋಟಾರಿನ ಪೆಟ್ಟಿಗೆಯ) ಬೋರ್ಡ್, ವಿಂಡೋಸ್, ಕಂಪನಿಯ ಸಾಫ್ಟ್‌ವೇರ್, ಕೊನೆಗೆ ಆಟ. ಆಟದ ಒಳಗೆ ಕೂತು ದೋಷ ಹುಡುಕಿದರೆ ಇಷ್ಟರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆ ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಆಟವನ್ನೂ ಕಂಪನಿಯ ಸಾಫ್ಟ್‌ವೇರನ್ನೂ ಮುಚ್ಚಿ, ವಿಂಡೋಸ್‌ನ ರನ್ ಪೆಟ್ಟಿಗೆಯಲ್ಲಿ 'ಜಾಯ್.ಸಿಪಿಎಲ್' ಅಂತ ಇಂಗ್ಲಿಷ್ ಅಕ್ಷರಗಳಲ್ಲಿ (joy.cpl) ಟೈಪ್ ಮಾಡಿ. ಗೇಮ್ ಕಂಟ್ರೋಲರ್‌ಗಳ ಪಟ್ಟಿ ಬರುತ್ತದೆ, ಅದರಲ್ಲಿ ನಿಮ್ಮದನ್ನು ಆರಿಸಿ ಪ್ರಾಪರ್ಟೀಸ್ ತೆರೆದರೆ ಪೆಡಲ್ ಒತ್ತಿದಂತೆ ಓಡುವ ಪಟ್ಟಿಗಳು ಕಾಣುತ್ತವೆ. ಇಲ್ಲಿ ಸರಿಯಾಗಿ ಕಂಡದ್ದು ಆಟದಲ್ಲಿ ಕೆಟ್ಟರೆ ಪೆಡಲ್ ಬಿಚ್ಚುವ ಅಗತ್ಯವೇ ಇಲ್ಲ. ಡೆಡ್ ಝೋನ್ (ತುದಿಯ ಸ್ವಲ್ಪ ಭಾಗವನ್ನು ಲೆಕ್ಕಕ್ಕೆ ಹಿಡಿಯದ ಆಯ್ಕೆ), ಗಾಮಾ, ಸೆನ್ಸಿಟಿವಿಟಿ ಇಂಥದ್ದೇನೋ ಯಾವತ್ತೋ ತಿರುಗಿಸಿ ಮರೆತಿರುತ್ತೀರಿ.

ಒಂದೊಂದೇ ಪೆಡಲ್‌ನ್ನು ಕೈಯಿಂದ, ಕಾಲಿನಿಂದ ಅಲ್ಲ, ಹತ್ತು ಸೆಕೆಂಡು ತೆಗೆದುಕೊಂಡು ಕೆಳಗೆ ಒತ್ತಿ, ಅಷ್ಟೇ ನಿಧಾನವಾಗಿ ಬಿಡಿ. ಪಟ್ಟಿ ಹೇಗೆ ಓಡುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ.

ಪ್ರತಿ ಸಲವೂ ಅದೇ ಜಾಗದಲ್ಲಿ ಪಟ್ಟಿ ನಡುಗಿದರೆ ಪೊಟೆನ್ಶಿಯೋಮೀಟರ್, ಅಂದರೆ ಪೆಡಲ್ ಎಷ್ಟು ಸರಿಯಿತು ಅಂತ ಅಳೆಯುವ, ರಿಪೇರಿಯವರು 'ಪಾಟ್' ಅನ್ನುವ ಸೆನ್ಸರ್, ಆ ಜಾಗದಲ್ಲಿ ಕೊಳೆಯಾಗಿದೆ ಅಥವಾ ಸವೆದಿದೆ. ಮುಟ್ಟದಿದ್ದರೂ ನಡುಗಿದರೆ, ಎಲ್ಲ ಜಾಗದಲ್ಲೂ ನಡುಗಿದರೆ ಸೆನ್ಸರ್ ಮೇಲೆ ಅನುಮಾನ ಬೇಡ, ತಂತಿ, ಕನೆಕ್ಟರ್, ಅರ್ತಿಂಗ್ ಕಡೆ ನೋಡಿ. ಮೂರೂ ಪೆಡಲ್ ಒಟ್ಟಿಗೇ ಒಂದು ತುದಿಗೆ ಹಾರಿದರೆ ಮೂರು ಸೆನ್ಸರ್ ಒಂದೇ ದಿನ ಸತ್ತಿಲ್ಲ, ಮೂರಕ್ಕೂ ಸೇರಿ ಹೋಗುವ ಒಂದು ತಂತಿ ಬಿಟ್ಟಿದೆ. ಆಕ್ಸಿಲರೇಟರ್ ಒತ್ತಿದರೆ ಪಟ್ಟಿ ಒಂದು ಕಡೆಗೆ, ಬ್ರೇಕ್ ಒತ್ತಿದರೆ ಅದೇ ಪಟ್ಟಿ ಇನ್ನೊಂದು ಕಡೆಗೆ ಹೋದರೆ ಅದು ಕೆಟ್ಟದ್ದೇ ಅಲ್ಲ. 'ಕಂಬೈನ್ಡ್ ಪೆಡಲ್ಸ್' ಅನ್ನುವ ಹಳೆಯ ಆಟಗಳ ಆಯ್ಕೆಯನ್ನು ಯಾರೋ ಆನ್ ಮಾಡಿದ್ದಾರೆ, ಲಾಜಿಟೆಕ್ ಕಂಪನಿಯ ಜಿ ಹಬ್ ಸಾಫ್ಟ್‌ವೇರ್‌ನಲ್ಲೂ ಅದಿದೆ, ಆಫ್ ಮಾಡಿ.

ಇನ್ನೊಂದು ಬಹಳ ಜನ ಬೀಳುವ ಗುಂಡಿ. ಕೆಲವು ಬೋರ್ಡ್‌ಗಳು ಕರೆಂಟ್ ಬಂದ ಕ್ಷಣದಲ್ಲಿ ಪೆಡಲ್ ಎಲ್ಲಿದೆಯೋ ಅದನ್ನೇ ಸೊನ್ನೆ ಅಂತ ಬರೆದುಕೊಳ್ಳುತ್ತವೆ. ಇನ್ನು ಕೆಲವು, ನೀವು ಒಮ್ಮೆ ಪೂರ್ತಿ ಒತ್ತುವವರೆಗೆ ಅಳತೆಯ ಮೇಲಿನ ತುದಿಯನ್ನೇ ಕಲಿಯುವುದಿಲ್ಲ. ಆದ್ದರಿಂದ ಪ್ಲಗ್ ಹಾಕುವಾಗ ಕಾಲು ಪೆಡಲ್ ಮೇಲೆ ಇರಬಾರದು. ಹಾಕಿದ ಮೇಲೆ ಮೂರನ್ನೂ ಒಂದೊಂದು ಸಲ ತಳಮುಟ್ಟ ಒತ್ತಿ ಬಿಡಬೇಕು.

ಪಾಟ್ ಬಿಚ್ಚುವುದು

ಮೊದಲ ಹಂತದ ಸೆಟ್‌ಗಳಲ್ಲಿ ಹೆಚ್ಚಿನವು ಪಾಟ್ ಮೇಲೆಯೇ ನಿಂತಿವೆ. 2015ರಲ್ಲಿ ಬಂದ ಲಾಜಿಟೆಕ್ ಜಿ29ರ ಮೂರೂ ಪೆಡಲ್‌ಗಳದ್ದೂ ಇದೇ ಕಥೆ. ಬ್ರೇಕ್ ಕೊನೆಗೆ ಗಟ್ಟಿಯಾಗಲಿ ಅಂತ ಅದರೊಳಗೆ ಒಂದು ರಬ್ಬರ್ ತುಂಡು ಇಟ್ಟಿದ್ದಾರೆ ಅಷ್ಟೇ, ಅಳೆಯುವುದು ಮಾತ್ರ ಪೆಡಲ್ ಎಷ್ಟು ದೂರ ಸರಿಯಿತು ಅಂತ. ಪಾಟ್‌ನ ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಒಂದು ಲೋಹದ ನಾಲಿಗೆ ಉಜ್ಜುತ್ತಾ ಓಡುತ್ತದೆ. ಉಜ್ಜಿದ್ದು ಸವೆಯುತ್ತದೆ, ಧೂಳು ಸೇರಿದರೆ ಬೇಗ ಸವೆಯುತ್ತದೆ. ಪೆಡಲ್ ಇರುವುದು ನೆಲದ ಮೇಲೆ, ನಮ್ಮ ಬೀದಿಯಲ್ಲಿ ವರ್ಷವಿಡೀ ಯಾರಾದರೂ ಮನೆ ಕಟ್ಟುತ್ತಲೇ ಇರುತ್ತಾರೆ. ಇನ್ನು ಹೇಳುವುದೇನಿದೆ.

ಸಾಮಾನ್ಯವಾಗಿ ಮೊದಲು ಹೋಗುವುದು ಆಕ್ಸಿಲರೇಟರ್, ಅದರಲ್ಲೂ ಅದರ ಕೊನೆಯ ತುದಿ. ಮೊಂಜಾದಂಥ ಟ್ರ್ಯಾಕ್‌ನಲ್ಲಿ ಸುತ್ತಿನ ಹೆಚ್ಚು ಹೊತ್ತು ಕಾಲು ಪೂರ್ತಿ ಕೆಳಗೇ ಇರುತ್ತದೆ. ನಾಲಿಗೆ ಅಲ್ಲೇ ಕೂತು, ಕಾಲಿನ ನಡುಕದ ಜೊತೆಗೆ ಅದೇ ಒಂದೆರಡು ಮಿಲಿಮೀಟರ್ ಜಾಗವನ್ನು ಉಜ್ಜುತ್ತಾ ಇರುತ್ತದೆ. ನನ್ನದು ಸರಿಯಾಗಿ ಹಾಗೇ ಆಗಿತ್ತು, ಮುಕ್ಕಾಲು ಒತ್ತುವವರೆಗೆ ಬೆಣ್ಣೆಯ ಹಾಗೆ, ತುದಿಯಲ್ಲಿ ಮಾತ್ರ ಕುಣಿತ.

ಬಿಚ್ಚುವ ಮುಂಚೆ ವೀಲ್ ಬೇಸ್‌ಗೆ ಹೋಗುವ ಕನೆಕ್ಟರ್ ಕಿತ್ತು ಮತ್ತೆ ಹಾಕಿ, ಸ್ಕ್ರೂ ಇದ್ದರೆ ಬಿಗಿ ಮಾಡಿ ನೋಡಿ. ಅಲ್ಲೇ ಗುಣವಾದರೆ ನಿಮ್ಮ ಪುಣ್ಯ. ಇಲ್ಲದಿದ್ದರೆ ತಳದ ಸ್ಕ್ರೂಗಳನ್ನು ತೆಗೆಯಿರಿ. ಪ್ರತಿ ಹಂತದಲ್ಲೂ ಫೋಟೋ ತೆಗೆದುಕೊಳ್ಳಿ, ಸ್ಪ್ರಿಂಗ್ ಹಾರಿ ಮಂಚದ ಕೆಳಗೆ ಹೋದ ಮೇಲೆ ಅದು ಯಾವ ಕಡೆಯಿಂದ ಬಂತು ಅಂತ ಯಾರಿಗೂ ನೆನಪಿರುವುದಿಲ್ಲ. ಪಾಟ್‌ನ ಮೂರು ಕಾಲುಗಳಲ್ಲಿ ನಡುವಿನದು ನಾಲಿಗೆಯದ್ದು. ಎಲ್ಲ ಪ್ಲಗ್ ಕಿತ್ತ ಮೇಲೆ, ಮಲ್ಟಿಮೀಟರ್‌ನ್ನು ಓಮ್‌ಗೆ ಇಟ್ಟು ನಡುವಿನ ಕಾಲಿಗೂ ತುದಿಯ ಒಂದು ಕಾಲಿಗೂ ಹಿಡಿದು ಪೆಡಲ್ ಮೆಲ್ಲಗೆ ಒತ್ತಿ. ಅಂಕಿ ಒಂದೇ ಸಮನೆ ಏರಬೇಕು ಅಥವಾ ಇಳಿಯಬೇಕು. ನಡುವೆ ಎಲ್ಲಾದರೂ ಹಾರಿದರೆ ಅಪರಾಧಿ ಸಿಕ್ಕ. ಈ ಕೆಲಸಕ್ಕೆ ಮುಳ್ಳಿನ ಹಳೇ ಮೀಟರ್ ಡಿಜಿಟಲ್‌ಗಿಂತ ವಾಸಿ. ಅಂಕಿ ಬದಲಾಗುವಷ್ಟರಲ್ಲಿ ಹಾರಿ ಮುಗಿದಿರುತ್ತದೆ, ಮುಳ್ಳಿನ ನಡುಕ ಕಣ್ಣಿಗೆ ಬೀಳುತ್ತದೆ.

ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಪಾಟ್‌ನ ಸಂದಿಗೆ ಒಂದೆರಡು ಸಲ ಹೊಡೆದು, ಮೂವತ್ತು ನಲವತ್ತು ಸಲ ಆ ಕಡೆ ಈ ಕಡೆ ತಿರುಗಿಸಿ, ಪೂರ್ತಿ ಒಣಗಲು ಬಿಡಿ. ಬಾಗಿಲಿನ ಕೀಲಿಗೆ, ಸೈಕಲ್ ಚೈನಿಗೆ ಹೊಡೆಯುವ ಎಣ್ಣೆ ಸ್ಪ್ರೇ ಬೇಡ, ಅದು ಜಿಡ್ಡು ಬಿಟ್ಟು ಇನ್ನಷ್ಟು ಧೂಳು ಹಿಡಿಯುತ್ತದೆ. ಕೊಳೆ ಮಾತ್ರ ಆಗಿದ್ದರೆ ಇಷ್ಟಕ್ಕೇ ಗುಣವಾಗುತ್ತದೆ. ಕಾರ್ಬನ್ ಸವೆದಿದ್ದರೆ ಕೆಲವು ವಾರ ಸುಧಾರಿಸಿದಂತೆ ಮಾಡಿ ಮತ್ತೆ ಶುರುವಾಗುತ್ತದೆ. ನನ್ನದು ಎರಡನೆಯ ಜಾತಿ. ಹಳೆಯ ಪಾಟ್ ಕಿಸೆಯಲ್ಲಿಟ್ಟುಕೊಂಡು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋದೆ. ಅದರ ಮೈಮೇಲೆ ಬರೆದ ಅಂಕಿ ನೋಡಿ ಅಷ್ಟೇ ಓಮ್‌ನದ್ದು, ಲೀನಿಯರ್ (ತಿರುಗಿಸಿದಷ್ಟೂ ಸಮನಾಗಿ ಬದಲಾಗುವ) ಜಾತಿಯದ್ದೇ ತರಬೇಕು. ಆಡಿಯೋ ವಾಲ್ಯೂಮ್‌ಗೆ ಬಳಸುವುದು ಹಾಕಿದರೆ ಪೆಡಲ್ ಅರ್ಧ ಒತ್ತಿದಾಗ ಕಾರಿಗೆ ಅರ್ಧ ತಲುಪುವುದಿಲ್ಲ. ದಂಡದ ಉದ್ದ, ಅದರ ತಲೆ ಪೂರ್ತಿ ದುಂಡಗೋ ಒಂದು ಕಡೆ ಚಪ್ಪಟೆಯೋ ಅನ್ನುವುದೂ ಹೊಂದಬೇಕು. ಮೂರನೆಯ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವರು ಡಬ್ಬ ಸುರಿದು ಹುಡುಕುತ್ತಾ 'ಇದೇನು ಸರ್, ಸೌಂಡ್ ಸಿಸ್ಟಮ್‌ದಾ?' ಅಂದರು. ಕಾರಿನ ಆಕ್ಸಿಲರೇಟರ್‌ದು ಅಂದೆ, ನಂಬಲಿಲ್ಲ.

ಪಾಟ್ ಸಿಗುವವರೆಗೆ ಒಂದು ತಾತ್ಕಾಲಿಕ ಉಪಾಯ ಇದೆ. ಮೇಲ್ತುದಿಯ ಸ್ಯಾಚುರೇಶನ್ ಅಥವಾ ಡೆಡ್ ಝೋನ್ ಏರಿಸಿ, ತೊಂಬತ್ತು ದಾಟಿದ್ದೆಲ್ಲ ನೂರು ಅಂತ ಎಣಿಸುವಂತೆ ಮಾಡುವುದು. ಕುಣಿತ ಅಲ್ಲೇ ಇರುತ್ತದೆ, ಕಾರಿಗೆ ಮುಟ್ಟುವುದಿಲ್ಲ. ಬ್ರೇಕ್‌ನಲ್ಲಿ ಕೆಳತುದಿಗೂ ಇದೇ ಮದ್ದು. ನೇರ ರಸ್ತೆಯಲ್ಲಿ ಬ್ರೇಕ್ ಶೇ 2ರಷ್ಟು ಬಿದ್ದೇ ಇದ್ದರೆ ಕಾರು ಯಾಕೆ ಎಳೆಯುತ್ತಿಲ್ಲ ಅಂತ ನೀವು ಎಂಜಿನ್ ಸೆಟಪ್‌ನಲ್ಲಿ ಹುಡುಕುತ್ತಾ ಇರುತ್ತೀರಿ.

ಹಾಲ್ ಸೆನ್ಸರ್ ಇರುವ ಪೆಡಲ್‌ಗಳಲ್ಲಿ ಉಜ್ಜುವ ಭಾಗವೇ ಇಲ್ಲ, ಅಯಸ್ಕಾಂತ ಹತ್ತಿರ ಬಂದದ್ದನ್ನು ಸೆನ್ಸರ್ ದೂರದಿಂದಲೇ ಅಳೆಯುತ್ತದೆ. ಅಲ್ಲಿ ಅಳತೆ ಜರುಗಿದರೆ ಅಯಸ್ಕಾಂತದ ಅಂಟು ಬಿಟ್ಟಿದೆಯೇ, ಸೆನ್ಸರ್‌ನ ಸ್ಕ್ರೂ ಸಡಿಲವಾಗಿದೆಯೇ ಎಂದು ಮೊದಲು ನೋಡಿ.

ಬ್ರೇಕ್ ಒಮ್ಮೊಮ್ಮೆ ಒಂದೊಂದು ಥರ

ನನ್ನ ಎರಡನೆಯ ದೋಷಕ್ಕೆ ಬರುತ್ತೇನೆ, ಏಕೆಂದರೆ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಜಾಯ್.ಸಿಪಿಎಲ್‌ನಲ್ಲಿ ನನ್ನ ಬ್ರೇಕ್ ಪಟ್ಟಿ ನುಣ್ಣಗೆ ಓಡುತ್ತಿತ್ತು. ಮೀಟರ್ ಕೂಡ ತಪ್ಪು ತೋರಿಸಲಿಲ್ಲ. ಆದರೂ ಟ್ರ್ಯಾಕ್‌ನಲ್ಲಿ ಪ್ರತಿ ಸುತ್ತೂ ಬೇರೆ. ಆಗ ಮಾಡಿದ ಪರೀಕ್ಷೆ ಇದು, ಸಾಮಾನು ಏನೂ ಬೇಡ. ಪರದೆ ನೋಡುತ್ತಾ ಬ್ರೇಕ್ ಶೇ 70ಕ್ಕೆ ಒತ್ತಿ ಕಾಲಿಗೆ ಅಭ್ಯಾಸ ಮಾಡಿಸಿ. ಆಮೇಲೆ ಕಣ್ಣು ಮುಚ್ಚಿ ಹತ್ತು ಸಲ ಅಷ್ಟಕ್ಕೇ ಒತ್ತಿ, ಪಕ್ಕದಲ್ಲಿ ಕೂತವರು ಅಂಕಿ ಬರೆದುಕೊಳ್ಳಲಿ. ನನ್ನವು 55ರಿಂದ 85ರವರೆಗೆ ಚೆಲ್ಲಾಪಿಲ್ಲಿ. ಬರೆದುಕೊಳ್ಳುತ್ತಿದ್ದ ನನ್ನ ಹೆಂಡತಿ ಪರದೆ ಬಿಟ್ಟು ಕೆಳಗೆ ನೋಡಿ ಹೇಳಿದಳು: 'ರೀ, ನೀವು ಒತ್ತಿದಾಗೆಲ್ಲ ಕುರ್ಚಿ ಹಿಂದೆ ಹೋಗ್ತಿದೆ.'

ಪೆಡಲ್‌ನ್ನು ಎಷ್ಟು ಬಲದಿಂದ ಮುಂದಕ್ಕೆ ನೂಕುತ್ತೀರೋ ಅಷ್ಟೇ ಬಲ ಕುರ್ಚಿಯನ್ನು ಹಿಂದಕ್ಕೆ ನೂಕುತ್ತದೆ. ಚಕ್ರದ ಆಫೀಸ್ ಕುರ್ಚಿ ಸುಮ್ಮನೆ ಉರುಳುತ್ತದೆ. ಚಕ್ರ ಕಟ್ಟಿಹಾಕಿದರೆ ಬೆನ್ನು ವಾಲುತ್ತದೆ. ಅದನ್ನೂ ಬಿಗಿದರೆ ಪೆಡಲ್ ಕೆಳಗಿನ ಪ್ಲೈವುಡ್ ಬಾಗುತ್ತದೆ. ಕಾಲಿನ ಶ್ರಮದಲ್ಲಿ ಎಷ್ಟು ಸೆನ್ಸರ್‌ಗೆ, ಎಷ್ಟು ಕುರ್ಚಿಗೆ ಅನ್ನುವುದು ಪ್ರತಿ ಸಲ ಬೇರೆಯಾದರೆ ಬ್ರೇಕ್ ಹೇಗೆ ಒಂದೇ ಥರ ಬೀಳಬೇಕು? ಕುರ್ಚಿಯ ಬೆನ್ನನ್ನು ಗೋಡೆಗೆ ಒತ್ತಿ ಅದೇ ಪರೀಕ್ಷೆ ಮತ್ತೆ ಮಾಡಿ. ಅಂಕಿಗಳು ಹತ್ತಿರ ಬಂದರೆ ದೋಷ ಪೆಡಲ್‌ನದ್ದಲ್ಲ. ನನ್ನವು 63ರಿಂದ 76ರ ಒಳಗೆ ಬಂದವು.

ಪರಿಹಾರ ಅಗ್ಗದಿಂದ ಶುರುವಾಗುತ್ತದೆ. ಕುರ್ಚಿಯ ಒಂದೊಂದು ಚಕ್ರದ ಕೆಳಗೆ ಒಂದೊಂದು ಹಳೇ ಹವಾಯಿ ಚಪ್ಪಲಿ ಇಟ್ಟರೆ ಉರುಳುವುದು ನಿಲ್ಲುತ್ತದೆ. ಅದಕ್ಕಿಂತ ಒಳ್ಳೆಯದು, ಪೆಡಲ್ ಹಲಗೆಗೂ ಕುರ್ಚಿಯ ಕಂಬಕ್ಕೂ ಸೇರಿಸಿ ಲಗೇಜ್ ಕಟ್ಟುವ ಪಟ್ಟಿ ಬಿಗಿದು ಕಟ್ಟುವುದು. ಆಗ ಮುಂದಿನ ನೂಕು, ಹಿಂದಿನ ನೂಕು ಪಟ್ಟಿಯಲ್ಲೇ ಒಂದಕ್ಕೊಂದು ವಜಾ ಆಗುತ್ತವೆ, ನೆಲದ ಹಿಡಿತವನ್ನು ನಂಬಬೇಕಾಗಿಲ್ಲ. ನಾನು ಎರಡು ತಿಂಗಳು ಹೀಗೇ ಓಡಿಸಿದೆ. ನೋಡಲು ಸರ್ಕಸ್, ಕೆಲಸ ಪಕ್ಕಾ. ಶಾಶ್ವತವಾಗಿ ಬೇಕೆಂದರೆ ಅಲ್ಯುಮಿನಿಯಂ ಪ್ರೊಫೈಲ್‌ನ ರಿಗ್, ಅಂದರೆ ಸೀಟು, ಪೆಡಲ್, ಸ್ಟೀರಿಂಗ್ ಎಲ್ಲ ಒಟ್ಟಿಗೇ ಬಿಗಿಯುವ ಚೌಕಟ್ಟು. ಬೆಂಗಳೂರಿನವರಿಗೆ ಪೀಣ್ಯದ ಕಡೆ ಅಳತೆ ಕೊಟ್ಟರೆ ಕತ್ತರಿಸಿ ಕೊಡುವವರಿದ್ದಾರೆ, ತಯಾರಾದ ರಿಗ್ ತರಿಸುವುದಕ್ಕಿಂತ ಅದು ನನಗೆ ಸರಿ ಅನ್ನಿಸಿತು.

ಈಗ ಪೆಡಲ್

ಇಷ್ಟೆಲ್ಲ ಆದಮೇಲೂ ಕಣ್ಣು ಮುಚ್ಚಿದ ಪರೀಕ್ಷೆಯಲ್ಲಿ ಚೆದುರಿದರೆ ಆಗ ಲೋಡ್ ಸೆಲ್ ಕೊಳ್ಳಲು ಕಾರಣ ಸಿಕ್ಕಿತು. ನಿಜವಾದ ಕಾರಿನ ಬ್ರೇಕ್ ಕೇಳುವುದು ಪೆಡಲ್ ಎಷ್ಟು ಇಂಚು ಹೋಯಿತು ಅಂತಲ್ಲ, ಎಷ್ಟು ಬಲ ಬಿತ್ತು ಅಂತ, ಆ ಬಲದಿಂದಲೇ ಬ್ರೇಕ್ ಆಯಿಲ್‌ನ ಒತ್ತಡ ಏಳುತ್ತದೆ. ಕಾಲಿಗೂ ಅಷ್ಟೇ, ದೂರಕ್ಕಿಂತ ಬಲ ಚೆನ್ನಾಗಿ ನೆನಪಿರುತ್ತದೆ. ಲೋಡ್ ಸೆಲ್ ಅಂದರೆ ತೂಕದ ಯಂತ್ರದ ಒಳಗಿರುವುದೇ: ಒಂದು ಲೋಹದ ತುಂಡು, ಅದರ ಮೇಲೆ ಅಂಟಿಸಿದ ಸ್ಟ್ರೇನ್ ಗೇಜ್. ಲೋಹ ಕೂದಲೆಳೆಯಷ್ಟು ಬಾಗಿದರೂ ಗೇಜ್‌ನ ರೋಧ ಬದಲಾಗುತ್ತದೆ.

ಆರಿಸುವಾಗ ಜನ ಮೊದಲು ನೋಡುವುದು ಡಬ್ಬದ ಮೇಲಿನ ಕೆಜಿ. ಥ್ರಸ್ಟ್‌ಮಾಸ್ಟರ್‌ನ ಟಿ-ಎಲ್‌ಸಿಎಂ 100 ಕೆಜಿ ಅನ್ನುತ್ತದೆ. ಆ ಅಂಕಿ ಮೇಲಿನ ಮಿತಿ, ನೀವು ಅಷ್ಟು ತುಳಿಯಲೇಬೇಕು ಅಂತಲ್ಲ. ನಿಮಗೆ ಸಲೀಸಾಗಿ ನೂರು ಸಲ ತುಳಿಯಲು ಆಗುವ ಬಲವನ್ನೇ ಶೇ 100 ಅಂತ ಸಾಫ್ಟ್‌ವೇರ್‌ನಲ್ಲಿ ಗೊತ್ತುಮಾಡಬಹುದು. ಚಪ್ಪಲಿಯ ಮೇಲೆ ನಿಂತ ಕುರ್ಚಿಗೆ ಮೂವತ್ತು ಕೆಜಿಯೇ ಧಾರಾಳ. ಬಲ ಹೆಚ್ಚಿದಷ್ಟೂ ರಿಗ್ ಗಟ್ಟಿ ಬೇಕು, ಪೆಡಲ್‌ನ ಬೆಲೆಯ ಜೊತೆಗೆ ಅದನ್ನೂ ಕೂಡಿಸಿ ಲೆಕ್ಕ ಹಾಕಿ.

ಕೆಜಿಗಿಂತ ಮುಖ್ಯ ಸಂಗತಿ ವೈರ್ ಎಲ್ಲಿಗೆ ಹೋಗುತ್ತದೆ ಅನ್ನುವುದು. ಪ್ಲೇಸ್ಟೇಶನ್, ಎಕ್ಸ್‌ಬಾಕ್ಸ್‌ನಲ್ಲಿ ಆಡುವವರಿಗೆ ಸಾಮಾನ್ಯವಾಗಿ ಪೆಡಲ್ ವೀಲ್ ಬೇಸ್‌ನ ಮೂಲಕವೇ ಹೋಗಬೇಕು, ಅಂದರೆ ಬೇಸ್ ಅದನ್ನು ಒಪ್ಪಬೇಕು. ಬರೀ ಯುಎಸ್‌ಬಿ ಪೆಡಲ್ ತಂದು ಕನ್ಸೋಲ್‌ಗೆ ಚುಚ್ಚಿ ಪೆಚ್ಚಾದವರನ್ನು ನೋಡಿದ್ದೇನೆ. ಪಿಸಿಯವರಿಗೆ ಈ ರಗಳೆ ಇಲ್ಲ, ಒಂದು ಕಂಪನಿಯ ವೀಲ್, ಇನ್ನೊಂದರ ಪೆಡಲ್ ಆರಾಮಾಗಿ ಓಡುತ್ತವೆ. ಕ್ಲಚ್‌ಗೆ ದುಡ್ಡು ಹಾಕಬೇಡಿ. ಜಿಟಿ3 ವರ್ಗದ ರೇಸ್ ಕಾರು ಓಡಿಸುವವರ ಎಡಗಾಲು ಬ್ರೇಕ್ ಮೇಲೇ ಇರುತ್ತದೆ, ಎರಡು ಪೆಡಲ್ ಸಾಕು, ಕ್ಲಚ್ ಬೇಕಾದಾಗ ಆಮೇಲೆ ಸೇರಿಸಬಹುದು. ಹೈಡ್ರಾಲಿಕ್, ಮೋಟಾರು ಹಾಕಿದ ಆ್ಯಕ್ಟಿವ್ ಪೆಡಲ್‌ಗಳೆಲ್ಲ ಬೇರೆ ಲೋಕ. ಹೊರದೇಶದಿಂದ ತರಿಸಿದರೆ ಸುಂಕದ ಜೊತೆಗೆ, ಕೆಟ್ಟಾಗ ಎಂಟು ಹತ್ತು ಕೆಜಿಯ ಡಬ್ಬ ವಾಪಸ್ ಕಳಿಸುವ ಖರ್ಚು ಯಾರದು ಅಂತಲೂ ಕೇಳಿಕೊಳ್ಳಿ.

ಲೋಡ್ ಸೆಲ್ ಬಂದ ಮೇಲಿನ ಹೊಸ ತೊಂದರೆಗಳು

ಸೊನ್ನೆಗೆ ಬರುವುದಿಲ್ಲ. ಮೊದಲ ವಾರದ ದೂರು ಇದೇ. ಪೆಡಲ್ ಅಲುಗದಂತೆ ಮೊದಲೇ ಸ್ವಲ್ಪ ಒತ್ತಿ ಹಿಡಿಯುವ ಪ್ರೀಲೋಡ್ ಬೋಲ್ಟ್ ಹೆಚ್ಚು ಬಿಗಿಯಾದರೆ ಕಾಲು ತೆಗೆದರೂ ಸೆಲ್ ಮೇಲೆ ಭಾರ ಉಳಿಯುತ್ತದೆ. ಅದನ್ನು ಅಲುಗಾಟ ನಿಲ್ಲುವಷ್ಟು ಮಾತ್ರ ಬಿಗಿದು, ಮತ್ತೆ ಕ್ಯಾಲಿಬ್ರೇಶನ್ ಮಾಡಿ, ಕೆಳಗೆ ಶೇ 2–3 ಡೆಡ್ ಝೋನ್ ಬಿಡಿ. ಚಳಿ, ಸೆಕೆಗೆ ಸೊನ್ನೆ ಸ್ವಲ್ಪ ಜರುಗುವುದು ಸಹಜ. ರಬ್ಬರ್ ಕೂಡ ಡಿಸೆಂಬರ್ ಬೆಳಗ್ಗೆ ಗಟ್ಟಿ, ಏಪ್ರಿಲ್ ಮಧ್ಯಾಹ್ನ ಮೆತ್ತಗೆ. ಆದರೆ ಸೊನ್ನೆ ಒಂದೇ ಸಲ ದೊಡ್ಡದಾಗಿ ಜರುಗಿ ಅಲ್ಲೇ ನಿಂತರೆ ಸೆಲ್ ಮಿತಿಮೀರಿ ಬಾಗಿ ಹೋಗಿದೆ, ಅದಕ್ಕೆ ಮದ್ದಿಲ್ಲ, ಬದಲಿಸಬೇಕು.

ಏನೂ ಬರುವುದಿಲ್ಲ. ಸಾಮಾನ್ಯ ಲೋಡ್ ಸೆಲ್‌ಗೆ ನಾಲ್ಕು ತಂತಿ: ಎರಡು ಕರೆಂಟ್ ಕೊಡಲು, ಎರಡು ಸಂಕೇತ ತರಲು. ಬೋರ್ಡ್‌ನಿಂದ ಬಿಚ್ಚಿ, ಆಯಾ ಜೋಡಿಯ ನಡುವೆ ಓಮ್ ಅಳೆಯಿರಿ. ಹೆಚ್ಚಿನವು 350ರ ಆಸುಪಾಸು, ಕೆಲವು 1000ದ ಆಸುಪಾಸು ತೋರಿಸುತ್ತವೆ. ಓಪನ್ ಅಂತ ತೋರಿಸಿದರೆ ತಂತಿ ತುಂಡಾಗಿದೆ, ಸಾಮಾನ್ಯವಾಗಿ ಪೆಡಲ್ ಮಡಚುವ ಜಾಗದಲ್ಲಿ.

ನಡುಗುತ್ತದೆ. ಪಾಟ್ ಕೊಡುತ್ತಿದ್ದದ್ದು ವೋಲ್ಟ್ ಲೆಕ್ಕದಲ್ಲಿ. 5 ವೋಲ್ಟ್ ಕೊಟ್ಟ, ವೋಲ್ಟಿಗೆ 2 ಮಿಲಿವೋಲ್ಟ್ ದರದ ಲೋಡ್ ಸೆಲ್ ಪೂರ್ತಿ ಭಾರದಲ್ಲೂ ಕೊಡುವುದು 10 ಮಿಲಿವೋಲ್ಟ್ ಮಾತ್ರ. ಪಕ್ಕದಲ್ಲಿ ವೀಲ್ ಮೋಟಾರಿನ ಕೇಬಲ್ ಹೋದರೂ ಅದಕ್ಕೆ ಗದ್ದಲ ಕೇಳಿಸುತ್ತದೆ, ಎರಡನ್ನೂ ದೂರ ಕಟ್ಟಿ. ಆಮೇಲೆ ಅರ್ತಿಂಗ್. ಹಳೆಯ ಮನೆಗಳ ಮೂರು ಪಿನ್ ಸಾಕೆಟ್‌ನಲ್ಲಿ ಮೂರನೆಯ ತೂತಿನ ಹಿಂದೆ ತಂತಿಯೇ ಇಲ್ಲದಿರುವುದುಂಟು. ಬರಿಗಾಲಲ್ಲಿ ಲೋಹದ ರಿಗ್ ಮುಟ್ಟಿದಾಗ ಜುಮ್ ಅಂದರೆ, ಟೆಸ್ಟರ್ ಇಟ್ಟಾಗ ಮಿಣುಕಿದರೆ ಆಟ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಸಿ. ಇದು ಬ್ರೇಕ್‌ನ ಮಾತಲ್ಲ, ಜೀವದ ಮಾತು.

ತಡವಾಗಿ ಬೀಳುತ್ತದೆ. ಇದು ಲೋಡ್ ಸೆಲ್ ತಾವೇ ಜೋಡಿಸಿಕೊಂಡವರ ತೊಂದರೆ. ಎಚ್ಎಕ್ಸ್711 ಅನ್ನುವ ಅಗ್ಗದ ಬೋರ್ಡ್ ತೂಕದ ಯಂತ್ರಕ್ಕೆಂದು ಮಾಡಿದ್ದು. ಅದು ಸೆಕೆಂಡಿಗೆ 10 ಅಥವಾ 80 ಸಲ ಅಳೆಯಬಲ್ಲದು, ಮಾರುಕಟ್ಟೆಯ ಬೋರ್ಡ್‌ಗಳು ಬಹುಪಾಲು 10ಕ್ಕೇ ಇಟ್ಟು ಬರುತ್ತವೆ. ಅಕ್ಕಿ ತೂಗಲು ಅದು ಸಾಕು. ಗಂಟೆಗೆ 250 ಕಿ.ಮೀ. ವೇಗದಲ್ಲಿ ಒಂದು ಅಳತೆಯಿಂದ ಮುಂದಿನದಕ್ಕೆ ಕಾರು ಸುಮಾರು 7 ಮೀಟರ್ ಹೋಗಿರುತ್ತದೆ. ದರ ಗೊತ್ತುಮಾಡುವ ಪಿನ್‌ನ ಸಂಪರ್ಕ ಬದಲಿಸಿ 80ಕ್ಕೆ ಏರಿಸಿ.

ಆಟದ ನಡುವೆ ಮಾಯವಾಗುತ್ತದೆ. ಯುಎಸ್‌ಬಿ ಹಬ್ ಬಿಟ್ಟು ಪಿಸಿಯ ಹಿಂಭಾಗದ ಪೋರ್ಟ್‌ಗೆ ನೇರ ಹಾಕಿ, ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಕರೆಂಟ್ ಹೋಗಿ ಇನ್ವರ್ಟರ್ ಹಿಡಿಯುವ ಕ್ಷಣದಲ್ಲೇ ಹೀಗಾಗುತ್ತಿದ್ದರೆ ಕಾರಣ ಪೋರ್ಟ್ ಅಲ್ಲ. ವೀಲ್ ಬೇಸನ್ನೂ ಯುಪಿಎಸ್‌ಗೆ ಸೇರಿಸಬೇಕು, ಅದಕ್ಕೂ ಮುಂಚೆ ಯುಪಿಎಸ್ ಅಷ್ಟು ಭಾರ ಹೊರುತ್ತದೆಯೇ ನೋಡಬೇಕು.

ಹಳೆಯ ಸೆಟ್ ಬಿಸಾಡಲಿಲ್ಲ. ಹೊಸ ಪಾಟ್ ಹಾಕಿ ಮೈಸೂರಿನಲ್ಲಿರುವ ತಂಗಿಯ ಮಗನಿಗೆ ಕೊಟ್ಟೆ. ಹೋದ ವಾರ ಫೋನ್ ಮಾಡಿದ್ದ.

'ಮಾಮ, ಬ್ರೇಕ್ ಅರ್ಧ ಒತ್ತೋವರೆಗೂ ಏನೂ ಆಗಲ್ಲ. ಆಮೇಲೆ ಒಂದೇ ಸಲ ಹಿಡಿಯತ್ತೆ. ಪಾಟ್ ಮತ್ತೆ ಹೋಯ್ತಾ?'

'ಪ್ಲಗ್ ಹಾಕುವಾಗ ಕಾಲು ಎಲ್ಲಿತ್ತು?'

ಒಂದು ಕ್ಷಣ ಸುಮ್ಮನಾದ. 'ಪೆಡಲ್ ಮೇಲೆ.'

'ತೆಗೆದು ಮತ್ತೆ ಹಾಕು.'

ಪ್ಲಗ್ ಕಿತ್ತ ಸದ್ದು, ಹಾಕಿದ ಸದ್ದು, ಆಮೇಲೆ ಪೆಡಲ್ ಟಕಟಕ ತುಳಿದ ಸದ್ದು ಕೇಳಿಸಿತು. ಥ್ಯಾಂಕ್ಸ್ ಕೂಡ ಹೇಳದೆ ಫೋನ್ ಇಟ್ಟ.